ಹೊನ್ನಯ್ಯನ ಮಾತು ಮುಗಿಯುವ ತನಕ

ಆ ಊರಿಗೆ ಇಂಗ್ಲಿಷ್ ಮೇಡಂ ಆಗಿ ಹೋದ ಮೊದಲನೆಯ ದಿನವೇ ನಾನು ಹೆಡ್‌ಮಾಸ್ತರ ಬಾಯಿ ಕಟ್ಟಿಹಾಕಿದೆ. ಬೇಕೆಂದು ಮಾಡಿದ್ದಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ಅಮ್ಮ ಶುರು ಮಾಡಿದ್ದನ್ನು ಚಿಕ್ಕಮ್ಮ ಎತ್ತಿಕೊಂಡು, ಅದನ್ನು ನಾನು ಮುಗಿಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣವಾಗಿತ್ತು. ಸುಮ್ಮನೆ ಕೂತು ಕೇಳಿದರೆ ಮೈ ಸರಿಯಿಲ್ಲವೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು.

ಹೆಡ್‌ಮಾಸ್ತರು ಚೆಲುವಯ್ಯನವರು ನನಗೆ ಶಾಲೆಯನ್ನೆಲ್ಲ ತೋರಿಸಿ, ನಾನು ಉಳಿಯಬೇಕಾಗಿದ್ದ ಕೋಣೆಯ ಬೀಗ ತೆಗೆದು, "ಕೋಣೆಗೇನೂ ತೊಂದ್ರೆ ಇಲ್ಲ ಮೇಡಮ್ಮೋರೆ, ಗಾಳಿ ಬೆಳಕು ಚೆನ್ನಾಗೈತೆ. ಆದ್ರೆ ಆ ಹಿಂದ್ಲ ಕಿಟಕಿ ಐತಲ್ಲ, ಅದನ್ನ ಮಾತ್ರ" ಎಂದರು.

"ಗೊತ್ತಾಯ್ತು ಸಾರ್, ಕಿಟಕಿ ಬಾಗಿಲು ಬಿಗಿ ಇರುತ್ತೆ. ನಾನು ತಳ್ಳಿ ತೆಕ್ಕೋತೀನಿ ಬಿಡಿ," ಎಂದೆ.

ಅವರು ಗಾಬರಿಯಿಂದ ನನ್ನ ಮುಖ ನೋಡಿದರು. "ಅದನ್ನ ಮಾತ್ರ," ಎಂದರು. ಕೈ ಬೀಸಿ ಮತ್ತೆ, "ಅದನ್ನ ಮಾತ್ರ, ಅದನ್ನ ಮಾತ್ರ!" ಎಂದರು. ಪಾಪ, ವಯಸ್ಸಾದವರು, ಹೇಳಿದ್ದನ್ನೇ ಹೇಳುತ್ತಾರೆ ಎಂದುಕೊಂಡು ನಾನು ಕೈ ಮುಗಿದು ಒಳಗೆ ಹೋಗಿ, ಹಿಂದಿನ ಕಿಟಕಿಯನ್ನು ಬಲವಾಗಿ ತಳ್ಳಿ ತೆಗೆದೆ. ಕಿಟಕಿಯ ಆಚೆ ಬದಿಯಲ್ಲಿ ಹೆಜ್ಜೇನು ಕಟ್ಟಿತ್ತು.

ಸಂಜೆ ಹೊತ್ತಿಗೆ ನನ್ನ ಮುಖ ಊದಿ ಕಣ್ಣು ಎರಡು ಗೆರೆಗಳಾಗಿದ್ದವು. ಹೆಡ್‌ಮಾಸ್ತರ ಹೆಂಡತಿ ಸುಣ್ಣದ ಬಟ್ಟಲು ಹಿಡಿದುಕೊಂಡು ಬಂದರು. ನನಗೆ ಸುಣ್ಣ ಹಚ್ಚುತ್ತಲೇ ತಮ್ಮ ಕಷ್ಟ ಹೇಳಿಕೊಂಡರು. "ಬೆಳಗಿಂದ ನಮ್ಮನೆಯವ್ರು ಏನ್ ಕೇಳಿದ್ರೂ 'ಅದನ್ನ ಮಾತ್ರ' ಅಂತಾರೆ ಕಣಮ್ಮ. ಮುದ್ದೆ ಹಾಕ್ಲಾ ಅಂದ್ರೆ ಅದನ್ನ ಮಾತ್ರ. ನಿಮ್ಮಕ್ಕ ಬಂದವ್ರೆ ಅಂದ್ರೆ ಅದನ್ನ ಮಾತ್ರ. ಅವರಕ್ಕ ಸಿಟ್ಟು ಮಾಡ್ಕೊಂಡು ಬಂದ ಬಸ್ಸಿಗೇ ಹೊರಟೋದ್ರು. ನೀವು ಒಂದೇ ಒಂದ್ ಸಲ ಬಂದು 'ಆಮೇಲೆ?' ಅಂದ್ಬಿಡ್ರಮ್ಮ."

ಅವರ ಮನೆಗೆ ಹೋಗಿ, ಊದಿದ ತುಟಿಯಲ್ಲೇ "ಆಮೇಲೆ?" ಎಂದೆ. ಚೆಲುವಯ್ಯನವರು ನನ್ನ ಮುಖವನ್ನೇ ನೋಡುತ್ತ ನಿಟ್ಟುಸಿರು ಬಿಟ್ಟು, "ತೆಗೀಬೇಡಿ, ಜೇನು ಕಟ್ಟೈತೆ," ಎಂದು ಮುಗಿಸಿದರು.

ಹೀಗೆ ಆ ಊರಿನ ರೀತಿ ನನಗೆ ಗೊತ್ತಾಯಿತು. ಅಲ್ಲಿ ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕಿದರೆ, ಮಾತಾಡುತ್ತಿದ್ದವರ ಬಾಯಲ್ಲಿ ಕೊನೆಗಿದ್ದ ತುಣುಕು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬಾಯಿ ಹಾಕಿದವರೇ ಬಂದು "ಆಮೇಲೆ?" ಎಂದು ಕೇಳಿ, ಮಾತು ಮುಗಿಯುವ ತನಕ ನಿಂತರೆ ಮಾತ್ರ ಬಿಡುಗಡೆ. ಅಲ್ಲಿಯವರೆಗೆ ಆ ಮನುಷ್ಯನ ಬಾಯಿಂದ ಬೇರೆ ಒಂದಕ್ಷರ ಹೊರಡುತ್ತಿರಲಿಲ್ಲ. ಬರೆದು ತೋರಿಸೋಣವೆಂದರೆ ಕೈಯೂ ಅದೇ ತುಣುಕನ್ನು ಬರೆಯುತ್ತಿತ್ತು.

ಊರಿನವರು ಇದಕ್ಕೆ ಒಗ್ಗಿಹೋಗಿದ್ದರು. ಎದುರಿಗಿರುವವರು ಕ್ರಿಯಾಪದ ಮುಟ್ಟುವ ತನಕ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಕಣ್ಣಲ್ಲೇ ತೋರಿಸುತ್ತಿದ್ದರು. ಮಾತಾಡುವವರು ನೋಡದಿದ್ದರೆ ಹಾಲು ಉಕ್ಕಿ ಹೋಗುತ್ತಿತ್ತು. ಬಸ್ಸಿನ ಡ್ರೈವರಿಗೆ ಯಾರಾದರೂ ಏನಾದರೂ ಹೇಳಲು ಶುರು ಮಾಡಿದರೆ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಪ್ರತಿ ಅಂಗಡಿಯ ಮುಂದೆಯೂ ಒಂದು ಬೆಂಚು ಇತ್ತು, ಕೂತು ಕೇಳುವುದಕ್ಕೆ.

ಇದರಿಂದ ಸುಖ ಕಂಡವನು ಒಬ್ಬನಿದ್ದ, ಹಿಟ್ಟಿನ ಗಿರಣಿಯ ಹೊನ್ನಯ್ಯ. ನಲವತ್ತರ ಆಸುಪಾಸಿನ, ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ಒಂಟಿ ಮನುಷ್ಯ. ಒಂದು ಪದ ಹೇಳಿದ ಮೇಲೆ ಮುಂದಿನ ಪದ ಎಲ್ಲಿದೆ ಎಂದು ಗುಡಾಣದಲ್ಲಿ ಕೈಯಾಡಿಸಿ ಹುಡುಕುವವನ ಹಾಗೆ ನಿಂತುಬಿಡುತ್ತಿದ್ದ. ಬೇರೆ ಊರಿನಲ್ಲಾಗಿದ್ದರೆ ಜನ ಅವನ ಮಾತನ್ನು ತಾವೇ ಮುಗಿಸಿ ಮುಂದೆ ಹೋಗುತ್ತಿದ್ದರು. ಇಲ್ಲಿ ಎಲ್ಲರೂ ಕಾಯುತ್ತಿದ್ದರು, ಬೇಸರ ತೋರಿಸದೆ.

ಇದರಿಂದ ಲಾಭ ಮಾಡಿಕೊಂಡವರೂ ಒಬ್ಬರಿದ್ದರು, ಪಂಚಾಯಿತಿ ಅಧ್ಯಕ್ಷ ಮುದ್ದುವೀರಪ್ಪನವರು. ಅವರು ಕ್ರಿಯಾಪದವನ್ನೇ ಬಳಸುತ್ತಿರಲಿಲ್ಲ. "ಮಹಾಜನಗಳೇ, ನಾವೆಲ್ಲ ಒಟ್ಟಿಗೆ ಸೇರಿ, ಕಷ್ಟಸುಖ ಮಾತಾಡಿ, ಹಿರಿಯರ ಮಾತು ಕೇಳಿ, ಅದನ್ನು ತೂಗಿ ನೋಡಿ, ನೋಡಿದ್ದನ್ನು ಮನಸ್ಸಿಗೆ ತಂದುಕೊಂಡು" ಎಂದು ಮಧ್ಯಾಹ್ನದ ತನಕ ಎಳೆದು, ಎಲ್ಲರಿಗೂ ಹಸಿವಾದ ಮೇಲೆ "ನನ್ನನ್ನೇ ಮತ್ತೆ ಅಧ್ಯಕ್ಷನನ್ನಾಗಿ ಆರಿಸಿದ್ದಕ್ಕೆ ವಂದನೆಗಳು" ಎಂದು ಮುಗಿಸುತ್ತಿದ್ದರು. ಇನ್ನೊಬ್ಬರ ಹೆಸರು ಸೂಚಿಸಲು ಯಾರಿಗೂ ಸಂದೇ ಸಿಗುತ್ತಿರಲಿಲ್ಲ. ಎಷ್ಟು ಚುನಾವಣೆ ಹೀಗೆ ಕಳೆದವೋ ಊರಿನವರಿಗೇ ಮರೆತುಹೋಗಿತ್ತು.

ಊರಿಗೆ ಉಸಿರಾಡಲು ಇದ್ದ ಜಾಗವೆಂದರೆ ಹೊನ್ನಯ್ಯನ ಗಿರಣಿ. ಮೋಟಾರು ಶುರುವಾದರೆ ಆ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದ ಮೇಲೆ ಯಾರ ಮಾತೂ ತುಂಡಾಗುತ್ತಿರಲಿಲ್ಲ. ಹೆಂಗಸರು ಅಲ್ಲಿ ಒಬ್ಬರ ಮುಖಕ್ಕೆ ಒಬ್ಬರು ಮುಖ ಕೊಟ್ಟು, ಎಲ್ಲರೂ ಒಟ್ಟಿಗೆ, ಅತ್ತೆ ಗಂಡ ನಾದಿನಿ ಅಧ್ಯಕ್ಷ ಎಂದು ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿ ಹಗುರಾಗಿ ಹಿಟ್ಟು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು. ನಾನೂ ಬೇಕಿರಲಿ ಬೇಡದಿರಲಿ ವಾರಕ್ಕೊಮ್ಮೆ ಗೋಧಿ ಹಿಡಿದು ಹೋಗುತ್ತಿದ್ದೆ.

ದೊಡ್ಡವರಿಗಾಗಿ ನಾನು ಸಂಜೆ ಶಾಲೆಯಲ್ಲೇ ಒಂದು ಇಂಗ್ಲಿಷ್ ತರಗತಿ ನಡೆಸುತ್ತಿದ್ದೆ. ಚೆಲುವಯ್ಯನವರು ಬರುತ್ತಿದ್ದರು, ಹೊನ್ನಯ್ಯ ಬರುತ್ತಿದ್ದ, ಟೈಲರ್ ಅಂಗಡಿಯ ನೀಲವೇಣಿ ಬರುತ್ತಿದ್ದಳು. ನೀಲವೇಣಿ ಮೂವತ್ತು ದಾಟಿದ ಚುರುಕು ಹೆಣ್ಣು, ತಾಯಿಯೊಂದಿಗೆ ಇದ್ದಳು. ಆ ಊರಿನಲ್ಲೇ ಹುಟ್ಟಿದ್ದರೂ ಕಾಯುವುದು ಅವಳಿಗೆ ಶಿಕ್ಷೆಯಾಗಿತ್ತು. ಬೇರೆಯವರು ಮಾತಾಡುವಾಗ ಬಾಯಲ್ಲಿ ದಾರ ಕಚ್ಚಿಕೊಂಡು ಕೂರುತ್ತಿದ್ದಳು.

ಪಠ್ಯದಲ್ಲಿ ಒಂದು ದಿನ 'ಕಟ್ ಇನ್' ಎಂಬ ಮಾತು ಬಂತು. ನಾನು ಬೋರ್ಡಿನ ಮೇಲೆ ಬರೆದೆ.

"ಕಟ್ ಅಂದ್ರೆ ಕತ್ತರಿಸೋದು, ಇನ್ ಅಂದ್ರೆ ಒಳಕ್ಕೆ. ರವಿಕೆ ಕಂಕುಳ ಕತ್ತರಿಸೋದಾ ಮೇಡಂ?" ಎಂದಳು ನೀಲವೇಣಿ.

"ಅಲ್ಲ. ಒಬ್ಬರು ಮಾತಾಡ್ತಿರುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕೋದು," ಎಂದೆ.

ಚೆಲುವಯ್ಯನವರು ಎದ್ದು ಬಾಗಿಲು ಹಾಕಿ ಬಂದರು. ಅವರ ಸಂಕೋಚ ಕಳೆಯಲೆಂದು ನಾನು ಉಳಿದ ಅರ್ಥಗಳಿಗೆ ಹೋದೆ. ಸಾಲಿನಲ್ಲಿ ನಿಂತವರ ನಡುವೆ ನುಗ್ಗುವುದಕ್ಕೂ ಅದೇ ಮಾತು. ಹಿಂದಿನಿಂದ ಬಂದ ಲಾರಿ ನಮ್ಮ ಮೂತಿಗೇ ತಗುಲುವ ಹಾಗೆ ಅಡ್ಡ ಬರುವುದಕ್ಕೂ ಅದೇ. ಯಾವುದಾದರೂ ಲಾಭದಲ್ಲಿ ಒಬ್ಬರನ್ನು ಪಾಲಿಗೆ ಸೇರಿಸಿಕೊಂಡರೂ ಅದೇ. ಹೊನ್ನಯ್ಯ ನಿಧಾನವಾಗಿ ಕೈ ಎತ್ತಿ, "ನಮ್ಮ ಮೋಟಾರು... ಕರೆಂಟು ಬಂದ ತಕ್ಷಣ... ತಾನಾಗೇ ಶುರುವಾದ್ರೆ... ಮೆಕ್ಯಾನಿಕ್ಕೂ ಕಟಿನ್ ಆಯ್ತು... ಅಂತಾನೆ," ಎಂದ. ಅದೂ ಸರಿಯೇ ಎಂದು ನಾನು ಒಪ್ಪಿಕೊಂಡೆ.

"ಇನ್ನೊಂದಿದೆ. ಅವರ ದೇಶದಲ್ಲಿ ಗಂಡು ಹೆಣ್ಣು ಜೊತೆಯಾಗಿ ಕುಣೀತಾರೆ. ಇನ್ನೊಬ್ಬ ಗಂಡಸು ಬಂದು ಕಟ್ ಇನ್ ಮಾಡಿದರೆ ಮೊದಲನೆಯವನು ಬಿಟ್ಟುಕೊಡಬೇಕು, ಹೊಸಬ ಅವಳ ಜೊತೆ ಕುಣೀತಾನೆ."

"ಅವಳನ್ನ ಯಾರೂ ಕೇಳಲ್ವಾ?" ಎಂದಳು ನೀಲವೇಣಿ.

ನಾನು ಪುಸ್ತಕ ತಿರುವಿ ನೋಡಿ ಮುಚ್ಚಿಟ್ಟೆ. ನಾನು ಪ್ರಯೋಗ ತೋರಿಸುತ್ತೇನೆಂದು ಚೆಲುವಯ್ಯನವರನ್ನು ಎದ್ದು ನಿಲ್ಲಿಸಿ, ಏನಾದರೂ ಮಾತಾಡಿ ಎಂದೆ. ಅವರು ಭಯಪಡುತ್ತಲೇ, "ನಮ್ಮ ಹಿತ್ತಲಲ್ಲಿ ಹಾಕಿರೋ ಪಡವಲಕಾಯಿ" ಎಂದು ಆರಂಭಿಸಿದರು. ನಾನು "ಮೇ ಐ ಕಟ್ ಇನ್?" ಎಂದೆ.

ನೀಲವೇಣಿ ಕಣ್ಣು ಮುಚ್ಚಿಕೊಂಡಳು. ಚೆಲುವಯ್ಯನವರು ಇನ್ನು ರಾತ್ರಿಯವರೆಗೂ ಪಡವಲಕಾಯಿಯೇ ಗತಿ ಎಂಬ ಮುಖ ಮಾಡಿಕೊಂಡು, ಮೆಲ್ಲಗೆ ಬಾಯಿ ತೆರೆದು, "ಅಯ್ಯೋ," ಎಂದರು. ಆಮೇಲೆ "ಅರೆ," ಎಂದರು. ಆಮೇಲೆ "ಸಿಕ್ಕಾಕ್ಕೊಳ್ಳಲೇ ಇಲ್ವಲ್ಲ!" ಎಂದರು.

ಯಾಕೆ ಹೀಗೆ ಎಂದು ಯಾರಿಗೂ ತಿಳಿಯಲಿಲ್ಲ. "ಇಂಗ್ಲಿಷು ನಮ್ಮೂರ ಗಾಳಿಗೆ ಅರ್ಥ ಆಗಿಲ್ಲ ಅಂತ ಕಾಣುತ್ತೆ," ಎಂದರು ಚೆಲುವಯ್ಯ. ಅಷ್ಟರಲ್ಲಿ ನೀಲವೇಣಿ ಬಾಯಲ್ಲಿದ್ದ ದಾರ ಉಗಿದು ಬೀದಿಗೆ ಓಡಿದ್ದಳು.

ಮಾರನೆಯ ದಿನದಿಂದ ಊರೆಲ್ಲ ಕಟಿನ್. ಮೊದಮೊದಲು ಹಬ್ಬದ ಹಾಗಿತ್ತು. ಹಾಲು ಉಕ್ಕುವುದು ನಿಂತಿತು. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಮದುವೆಯಾದಂದಿನಿಂದ ಗಂಡನ ಒಂದೇ ಕಥೆಯನ್ನು ಕೇಳುತ್ತ ಬಂದಿದ್ದ ಮುದುಕಿಯೊಬ್ಬಳು "ಮೆಯಿ ಕಟಿನ್, ಆ ಎತ್ತು ಸತ್ತೋಯ್ತು, ನನಗೆ ಗೊತ್ತು!" ಎಂದು ಕೂಗಿ ಕುಣಿದಾಡಿದಳಂತೆ. ನನ್ನನ್ನು ಕಂಡಲ್ಲೆಲ್ಲ ಜನ ಕೈ ಮುಗಿಯುತ್ತಿದ್ದರು. ನಾನೂ ಬೀಗುತ್ತ ಓಡಾಡಿದೆ. ಕಡೆಗೂ ನಮ್ಮ ಮನೆಯಂಥದೇ ಊರು ಸಿಕ್ಕಿತೆಂದು ಖುಷಿಯಾಗಿದ್ದೆ.

ಬರುಬರುತ್ತ ಯಾರ ಮಾತೂ ಮುಗಿಯದಂತಾಯಿತು. ಪುರೋಹಿತರು ಸಂಕಲ್ಪ ಹೇಳುತ್ತಿದ್ದರೆ ಅಡುಗೆಯವರು ಕಟಿನ್ ಅನ್ನುತ್ತಿದ್ದರು, ಅಡುಗೆಯವರಿಗೆ ಹೂವಾಡಗಿತ್ತಿ ಕಟಿನ್ ಅನ್ನುತ್ತಿದ್ದಳು. ಒಂದು ಮನೆಯಲ್ಲಿ ಮದುವೆಯ ಮಾತುಕತೆ ನಡೆದು ಎರಡು ಕಡೆಯವರೂ ಕಟಿನ್ ಕಟಿನ್ ಎಂದು ಎದ್ದುಹೋದರು. ಹೆಣ್ಣಿನ ಕಡೆಯವರು ಸಂಬಂಧ ಮುರಿಯಿತೆಂದುಕೊಂಡರು, ಗಂಡಿನ ಕಡೆಯವರು ವಾಲಗದವರಿಗೆ ಹೇಳಿಬಂದರು.

ಹೊನ್ನಯ್ಯ ತರಗತಿಗೆ ಬರುವುದನ್ನು ಬಿಟ್ಟ. ಅವನು "ನನಗೆ" ಎನ್ನುವಷ್ಟರಲ್ಲಿ ಮೂರು ಜನ ಕಟಿನ್ ಎನ್ನುತ್ತಿದ್ದರು. ಎಲ್ಲರೂ ಒಳ್ಳೆಯವರೇ, ಅವನಿಗೆ ಸಹಾಯ ಮಾಡಲೆಂದೇ ಬಾಯಿ ಹಾಕುತ್ತಿದ್ದರು. ನಾನು ಗೋಧಿ ಹಿಡಿದು ಹೋದರೆ ತಲೆಯಾಡಿಸಿ ತಕ್ಕಡಿ ಮುಂದೆ ತಳ್ಳುತ್ತಿದ್ದ, ಅಷ್ಟೆ.

ಇಂಥ ಹೊತ್ತಿನಲ್ಲಿ ಅಧ್ಯಕ್ಷರು ಸಭೆ ಕರೆದರು. ಅವರಿಗೆ ಕಟಿನ್ ಕಾಟ ಎಲ್ಲರಿಗಿಂತ ಹೆಚ್ಚಾಗಿತ್ತು. ರಸ್ತೆಯಲ್ಲಿ ನಿಂತು ಬಾಯಿ ತೆರೆದರೆ ಮಕ್ಕಳೂ ಕಟಿನ್ ಎನ್ನುತ್ತಿದ್ದವು. ಅದಕ್ಕೇ ಅವರು ಒಂದು ಭಾಷಣ ಮಂಟಪ ಕಟ್ಟಿಸಲು ಹೊರಟಿದ್ದರು: ಎತ್ತರದ ಜಗಲಿ, ದೊಡ್ಡ ಲೌಡ್‌ಸ್ಪೀಕರು, ಕೆಳಗೆ ಎಷ್ಟು ಜನ ಕೂಗಿದರೂ ಮೇಲೆ ಕೇಳಿಸಬಾರದು. ಅದಕ್ಕೆ ಅವರು ಆರಿಸಿದ ಜಾಗ ಹೊನ್ನಯ್ಯನ ಗಿರಣಿ. ಗಿರಣಿ ನಿಂತಿದ್ದದ್ದು ಪಂಚಾಯಿತಿ ಜಾಗದಲ್ಲಿ, ಹೊನ್ನಯ್ಯನ ಅಪ್ಪನ ಕಾಲದಿಂದ. ಅದನ್ನು ಕೆಡವಬೇಕಾದರೆ ಸಭೆ ಒಪ್ಪಬೇಕಿತ್ತು, ಹೊನ್ನಯ್ಯನಿಗೂ ಒಂದು ಮಾತು ಹೇಳಲು ಅವಕಾಶ ಕೊಡಬೇಕಿತ್ತು.

ಶಾಲೆಯ ಬಯಲಿನಲ್ಲಿ ಊರೆಲ್ಲ ಸೇರಿತು. ಹೊನ್ನಯ್ಯ ಮೈಮೇಲಿನ ಹಿಟ್ಟು ತೊಳೆದುಕೊಂಡು ಬಂದಿದ್ದ. ಹಾಗೆ ಅವನನ್ನು ನೋಡಿದ್ದು ನಾನು ಅದೇ ಮೊದಲು. ಅವನ ಕೂದಲು ಕಪ್ಪಗಿದೆಯೆಂದು ಗೊತ್ತಾಯಿತು. ಎದ್ದು ನಿಂತು, "ನನ್ನ ಗಿರಣಿ..." ಎಂದ.

"ಮೆಯಿ ಕಟಿನ್! ಬೇರೆ ಕಡೆ ಜಾಗ ಕೊಡಿ ಅಂತ ಕೇಳ್ತಾವ್ನೆ ಪಾಪ," ಎಂದರು ಒಬ್ಬರು.

ಹೊನ್ನಯ್ಯ ತಲೆಯಾಡಿಸಿದ. "ಅದಲ್ಲ... ನನ್ನ ಗಿರಣೀಲಿ..."

"ಕಟಿನ್! ಗಿರಣೀಲಿ ಮೋಟಾರು ಹಳೇದಾಗೈತೆ. ಕೆಡವಿದ್ರೂ ನಷ್ಟ ಇಲ್ಲ ಅಂತಾನೆ."

"ಕಟಿನ್, ಕಟಿನ್! ಹೊಸ ಮೋಟಾರು ಕೊಡಿಸಿ ಅಂತಾನೆ."

ಹೊನ್ನಯ್ಯ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಕೊನೆಗೆ ಅವನು ಕೂತುಬಿಟ್ಟ. ನಾನು ಎದ್ದು "ಅವರಿಗೆ ಮಾತಾಡೋಕೆ ಬಿಡಿ" ಎಂದು ಹೇಳಹೊರಟರೆ ನನಗೂ ನಾಲ್ಕು ಕಡೆಯಿಂದ ಕಟಿನ್ ಬಿತ್ತು. ನಾನೇ ಕಲಿಸಿದ ಉಚ್ಚಾರಣೆ, ಎಲ್ಲರದೂ ಚೆನ್ನಾಗಿತ್ತು.

ಅಧ್ಯಕ್ಷರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಎದ್ದು ನಿಂತು, "ಮಹಾಜನಗಳೇ, ಹೊನ್ನಯ್ಯನೇ ಒಪ್ಪಿ, ತಾನಾಗೇ ಕೂತು, ಅದನ್ನು ನೀವೆಲ್ಲ ಕಣ್ಣಾರೆ ನೋಡಿ, ಇಷ್ಟಾದ ಮೇಲೂ ಮಂಟಪ ಯಾಕೆ ಅಂತ ಕೇಳಿ, ನಾನೊಬ್ಬ ದಡ್ಡ" ಎಂದರು.

"ಸಾಕು ನಿಲ್ಸಿ!" ಎಂದಳು ನೀಲವೇಣಿ.

ಕಟಿನ್ ಇಲ್ಲ, ಇಂಗ್ಲಿಷ್ ಇಲ್ಲ. ಅಚ್ಚ ಕನ್ನಡದಲ್ಲಿ, ತುಂಬಿದ ಸಭೆಯಲ್ಲಿ, ಅಧ್ಯಕ್ಷರ ಮಾತಿನ ನಡುವೆ ಬಾಯಿ ಹಾಕಿದ್ದಳು. ಆ ಊರಿನಲ್ಲಿ ಯಾರೂ ಬೇಕೆಂದು ಮಾಡದ ಕೆಲಸ. ಮುದ್ದುವೀರಪ್ಪನವರು ಸಿಟ್ಟಿನಿಂದ ಅವಳ ಕಡೆ ತಿರುಗಿ ಗುಡುಗಿದರು.

"ನಾನೊಬ್ಬ ದಡ್ಡ!"

ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಸುತ್ತಲೂ ನೋಡಿ ಬೆರಳೆತ್ತಿ ಎಚ್ಚರಿಸಿದರು: "ನಾನೊಬ್ಬ ದಡ್ಡ! ನಾನೊಬ್ಬ ದಡ್ಡ!"

"ಹೊನ್ನಯ್ಯ ಮಾತಾಡಿ ಮುಗಿಸೋ ತನಕ ನಾನು ಆಮೇಲೆ ಅನ್ನಲ್ಲ," ಎಂದಳು ನೀಲವೇಣಿ. "ಅವರ ಮಧ್ಯ ಯಾರಾದ್ರೂ ಬಾಯಿ ಹಾಕಿದ್ರೆ, ಜೀವಮಾನ ಪೂರ್ತಿ ಅನ್ನಲ್ಲ. ಹೇಳಿ ಹೊನ್ನಯ್ಯ."

ಬಯಲು ಎಷ್ಟು ನಿಶ್ಶಬ್ದವಾಯಿತೆಂದರೆ ಬೇಲಿಯ ಮೇಲಿನ ಓತಿಕ್ಯಾತ ಸರಿದದ್ದೂ ಕೇಳಿಸಿತು. ಹೊನ್ನಯ್ಯ ಎದ್ದ. ಪದಗಳನ್ನು ಹುಡುಕಿದ. ನಾವು ಕಾದೆವು.

"ನನ್ನ ಗಿರಣೀಲಿ... ಯಾರ ಮಾತೂ... ಯಾರಿಗೂ ಕೇಳ್ಸಲ್ಲ. ನನಗೂ... ಕೇಳ್ಸಲ್ಲ. ಆದ್ರೆ ಇಷ್ಟು ವರ್ಷ... ಬೀಸ್ತಾ ನಿಂತು... ಬರೀ ಬಾಯಿಗಳನ್ನೇ ನೋಡಿದ್ರೆ... ಮೊದ್ಲು ಒಂದೊಂದು ಪದ... ಬರ್ತಾ ಬರ್ತಾ... ಪೂರ್ತಿ ಗೊತ್ತಾಗುತ್ತೆ."

ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಪಕ್ಕದವಳೂ ಮುಚ್ಚಿಕೊಂಡಳು. ಹಾಗೇ ಸಾಲುಸಾಲಾಗಿ ಸೆರಗುಗಳು ಮೇಲೆದ್ದವು. ನಾನು ಹೆಡ್‌ಮಾಸ್ತರ ಬಗ್ಗೆ ಗಿರಣಿಯಲ್ಲಿ ಹೇಳಿದ್ದೆಲ್ಲ ನೆನಪಾಗಿ ನನ್ನ ಬೆನ್ನು ಬೆವರಿತು. ಪಕ್ಕದಲ್ಲೇ ಕೂತಿದ್ದ ಚೆಲುವಯ್ಯನವರು ನನಗಿಂತ ಹೆಚ್ಚು ಬೆವರುತ್ತಿದ್ದರು.

"ಹೆದ್ರಬೇಡಿ," ಎಂದ ಹೊನ್ನಯ್ಯ. "ನಾನು ಯಾರ್ಗೂ... ಹೇಳಿಲ್ಲ. ಹೇಳೋಕೆ... ಪುರುಸೊತ್ತೆಲ್ಲೈತೆ? ಬೆಳಗಿಂದ ಸಂಜೆ ತನಕ... ಬೀಸೋದೇ ಆಯ್ತದೆ. ಗಿರಣಿ ಹೋದ್ರೆ... ನನಗೇನೂ ಬೇಜಾರಿಲ್ಲ. ಪುರುಸೊತ್ತು ಸಿಗುತ್ತೆ. ಅರಳಿಕಟ್ಟೆ ಮೇಲೆ ಕೂತು... ಎಲ್ರ ಜೊತೆ... ಮಾತಾಡ್ಬೇಕು ಅಂತ... ನನಗೂ ಭಾಳ ಆಸೆ ಐತೆ."

ಇಷ್ಟು ಹೇಳಿ ಅವನು ಕೂತ. ಅವನು ಬೆದರಿಸಿದನೋ, ಮನಸ್ಸಿನಲ್ಲಿದ್ದುದನ್ನು ಹಾಗೇ ಹೇಳಿದನೋ ನನಗೆ ಇಂದಿಗೂ ಗೊತ್ತಿಲ್ಲ. ಚೆಲುವಯ್ಯನವರು ಎದ್ದು, ಗಿರಣಿ ಇದ್ದಲ್ಲೇ ಇರಬೇಕು ಅನ್ನುವವರು ಕೈ ಎತ್ತಿ ಎಂದರು. ಮೊದಲು ಮೇಲೆದ್ದದ್ದು ಅಧ್ಯಕ್ಷರ ಹೆಂಡತಿ ಸಿದ್ದಗಂಗಮ್ಮನ ಕೈ, ಎರಡೂ ಕೈ. ಆಮೇಲೆ ಕೈ ಎತ್ತದವರನ್ನು ಹುಡುಕಬೇಕಾಯಿತು. "ನಾನೊಬ್ಬ ದಡ್ಡ," ಎಂದು ಅಧ್ಯಕ್ಷರು ಒಬ್ಬರೇ ವಿರೋಧಿಸಿದರು.

ಸಭೆ ಚದುರಿತು. ಹೊನ್ನಯ್ಯ ಜನರನ್ನು ದಾಟಿಕೊಂಡು ನೇರವಾಗಿ ನೀಲವೇಣಿ ಇದ್ದಲ್ಲಿಗೆ ಬಂದ. ಅವಳ ಮುಖದಲ್ಲಿ ಆಗಲೇ ಬಣ್ಣ ಏರಿತ್ತು. ಅವಳು ಎರಡು ದಿನಕ್ಕೊಮ್ಮೆ ಒಂದು ಹಿಡಿ ರಾಗಿ ಹಿಡಿದು ಗಿರಣಿಗೆ ಹೋಗುತ್ತಿದ್ದುದು, ಮೋಟಾರಿನ ಮುಂದೆ ನಿಂತು ಒಬ್ಬಳೇ ಏನೇನೋ ಹೇಳಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಳೆಂಬುದು ಅವನಿಗೆ ಗೊತ್ತಿತ್ತೆಂದು ಅವಳಿಗೆ ಈಗ ತಿಳಿದಿತ್ತು.

ಅವನು ನಿಂತು ಉಸಿರೆಳೆದುಕೊಂಡು, "ನೀಲವೇಣಿ... ನೀನು ನನ್ನ..." ಎಂದ.

"ಹೂಂ! ಆಗ್ಲಿ! ನನಗೆ ಒಪ್ಗೆ!" ಎಂದುಬಿಟ್ಟಳು ನೀಲವೇಣಿ. ಕನ್ನಡದಲ್ಲೇ ಎಂದಳು. ಎಂದವಳು ತಾನು ಮಾಡಿದ್ದೇನೆಂದು ಹೊಳೆದು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಮನೆಗೆ ಓಡಿದಳು.

ಹೀಗೆ ಊರಿನಲ್ಲಿ ಒಂದೇ ದಿನ ಇಬ್ಬರು ಸಿಕ್ಕಿಹಾಕಿಕೊಂಡರು. ಅಧ್ಯಕ್ಷರನ್ನು ಬಿಡಿಸಲು ನೀಲವೇಣಿ ಮರುದಿನವೇ ಅವರ ಮನೆಗೆ ಹೋದರೆ ಸಿದ್ದಗಂಗಮ್ಮ ಬಾಗಿಲಲ್ಲೇ ತಡೆದು, "ಅವಸರ ಏನೂ ಇಲ್ಲ ಬಿಡು ಮಗ. ಮನೇಲಿ ಇಷ್ಟು ನೆಮ್ಮದಿ ಯಾವತ್ತೂ ಇರ್ಲಿಲ್ಲ. ಹಬ್ಬ ಕಳೀಲಿ," ಎಂದರು. ಹಬ್ಬ ಕಳೆದ ಮೇಲೆ ಅವಳು ಹೋಗಿ ಆಮೇಲೆ ಎಂದಳು. ಮುದ್ದುವೀರಪ್ಪನವರು ಬಹಳ ಹೊತ್ತು ಯೋಚಿಸಿ, "ಅಂತ ಯಾರಾದ್ರೂ ತಿಳ್ಕೊಂಡಿದ್ರೆ, ಅವರ ತಪ್ಪೇನೂ ಇಲ್ಲ," ಎಂದು ಮುಗಿಸಿದರಂತೆ. ಮೊದಲು ಹೇಳಬೇಕೆಂದಿದ್ದದ್ದು ಇದೇ ಆಗಿರಲಾರದು. ಅಷ್ಟು ದಿನ ಒಂದೇ ಮಾತನ್ನು ಹೇಳಿ ಹೇಳಿ ಅವರಿಗೂ ಸ್ವಲ್ಪ ನಂಬಿಕೆ ಬಂದಿತ್ತೇನೋ.

ಅಧ್ಯಕ್ಷರನ್ನು ಬಿಡಿಸಿದವಳು ಹೊನ್ನಯ್ಯನ ಕಡೆ ಮಾತ್ರ ಸುಳಿಯಲಿಲ್ಲ. ಅವನ ಪಾಡು ನೋಡುವ ಹಾಗಿರಲಿಲ್ಲ. ಗಿರಣಿಗೆ ಬಂದವರು ರಾಗಿ ಆಯಿತೇ ಎಂದು ಕೇಳಿದರೆ "ನೀಲವೇಣಿ, ನೀನು ನನ್ನ" ಎನ್ನುತ್ತಿದ್ದ. ಮೋಟಾರಿಗೆ ಬೆಲ್ಟು ತರಲು ಹೋಗಿ ಅಂಗಡಿಯವನಿಗೂ ಅದೇ ಹೇಳಿದ. ವಸೂಲಿಗೆ ಬಂದ ದಪ್ಪ ಮೀಸೆಯ ಕರೆಂಟಿನವನು ಅದನ್ನು ಕೇಳಿ ಬಿಲ್ಲು ಕೊಡದೆಯೇ ಹೋದ. ಊರಿಗೆಲ್ಲ ಆ ಅರ್ಧ ಮಾತು ಬಾಯಿಪಾಠವಾಗಿತ್ತು. ಉಳಿದರ್ಧವನ್ನು ತಮಗೆ ತೋಚಿದ ಹಾಗೆ ಮುಗಿಸಿಕೊಂಡು ಜನ ನಗುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಟೈಲರ್ ಅಂಗಡಿಗೆ ಹೋದೆ. ನೀಲವೇಣಿ ಮಷೀನಿನ ಮುಂದೆ ಕೈ ಕಟ್ಟಿ ಕೂತಿದ್ದಳು.

"ಯಾಕೆ ನೀಲವೇಣಿ ಹೀಗೆ ಸತಾಯಿಸ್ತೀಯ? ಹೋಗಿ ಒಂದು ಮಾತು ಅಂದುಬಿಡು," ಎಂದೆ.

ಅವಳು ಹಿಂದಿನ ಗೂಟದ ಕಡೆ ನೋಡಿದಳು. ಅಲ್ಲಿ ಒಂದು ಬಿಳಿ ಅಂಗಿ ನೇತಾಡುತ್ತಿತ್ತು. "ಅದು ಅವರ್ದು ಮೇಡಂ. ಹೊಲಿಯೋಕೆ ಕೊಟ್ಟು ತಿಂಗ್ಳಾಯ್ತು. ನಾನು ಇನ್ನೂ ಕೊಟ್ಟಿಲ್ಲ." ಅವಳು ಮಷೀನಿನ ಚಕ್ರವನ್ನು ಸುಮ್ಮನೆ ತಿರುಗಿಸಿದಳು. "ನೀನು ನನ್ನ ಮದ್ವೆ ಆಗ್ತೀಯಾ ಅಂತಾರೆ ಅಂದ್ಕೊಂಡು ಊರ ಮುಂದೆ ಹೂಂ ಅಂದ್ಬಿಟ್ಟೆ. ನೀನು ನನ್ನ ಅಂಗಿ ಯಾವಾಗ ಕೊಡ್ತೀಯ ಅಂತ ಕೇಳೋಕೆ ಬಂದಿದ್ರೆ? ಹೋಗಿ ಆಮೇಲೆ ಅಂತ ನಿಂತ್ಕೊಂಡು, ಅವರು ಅಂಗಿ ಅಂದ್ರೆ, ನಾನು ಎಲ್ಲಿ ಮುಖ ಇಟ್ಕೊಳ್ಲಿ?"

ಹಾಗಾಗಲಾರದು ಎಂದು ಹೇಳಲು ನಾನು ಬಾಯಿ ತೆರೆದೆ. ಆದರೆ ಉಳಿದ ಅರ್ಧ ಇದ್ದದ್ದು ಹೊನ್ನಯ್ಯನ ಬಾಯಲ್ಲಿ ಮಾತ್ರ.

"ಏನಾದ್ರಾಗ್ಲಿ, ಅವನನ್ನ ಹಾಗೆ ಬಿಡೋದು ಸರಿಯಲ್ಲ," ಎಂದೆ. "ನಾನೂ ಬರ್ತೀನಿ ನಡಿ."

ಅವಳು ಅಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಗಿರಣಿಯಲ್ಲಿ ಏಳೆಂಟು ಜನ ಹೆಂಗಸರಿದ್ದರು. ನಮ್ಮನ್ನು ಕಂಡು ಹೊನ್ನಯ್ಯ ಮೋಟಾರು ನಿಲ್ಲಿಸಿದ. ಬೆಲ್ಟು ಸುತ್ತಿ ಸುತ್ತಿ ನಿಂತಿತು. ನೀಲವೇಣಿ ಅವನ ಮುಂದೆ ಹೋಗಿ ನಿಂತು, ನೆಲ ನೋಡುತ್ತ, "ಆಮೇಲೆ?" ಎಂದಳು.

ಹೊನ್ನಯ್ಯನ ಮುಖ ಸಡಿಲವಾಯಿತು. ಹೆಗಲ ಮೇಲಿನ ಟವಲಿನಿಂದ ಬಾಯಿ ಒರೆಸಿಕೊಂಡ.

"ಅಂಗಿ..." ಎಂದ.

ನೀಲವೇಣಿ ತುಟಿ ಕಚ್ಚಿಕೊಂಡಳು. ಕಂಕುಳಲ್ಲಿದ್ದ ಅಂಗಿಯನ್ನು ಹೊರಗೆ ತೆಗೆದು ಅವನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ, ಮುಂದಿನ ಪದವನ್ನು ಹುಡುಕುತ್ತಿದ್ದ. ನನ್ನ ನಾಲಿಗೆ ತುದಿಗೆ ನೂರು ಮಾತು ಬಂದವು. ಪಕ್ಕದಲ್ಲಿದ್ದ ಸಿದ್ದಗಂಗಮ್ಮ ನನ್ನ ತೋಳನ್ನು ಬಲವಾಗಿ ಚಿವುಟಿ ಹಿಡಿದುಕೊಂಡರು. ಯಾರೂ ಕಟಿನ್ ಅನ್ನಲಿಲ್ಲ. ನೀಲವೇಣಿಯ ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂದಿತ್ತು, ಆದರೂ ಅವಳು ಕದಲಲಿಲ್ಲ. ಜೀವಮಾನದಲ್ಲಿ ಮೊದಲ ಸಲ ದಾರ ಕಚ್ಚಿಕೊಳ್ಳದೆ ಕಾದಳು.

"...ಬೇಗ ಹೊಲಿದುಕೊಟ್ರೆ..." ಎಂದ ಹೊನ್ನಯ್ಯ. ಮತ್ತೆ ನಿಂತ. ಹೊರಗೆ ಯಾವುದೋ ಗಾಡಿ ಹೋಯಿತು. "...ಅದನ್ನ ಹಾಕ್ಕೊಂಡು... ನಿಮ್ಮವ್ವನ ಹತ್ರ... ನಿನ್ನ ಕೇಳೋಕೆ..."

ಎಲ್ಲರೂ ಉಸಿರು ಹಿಡಿದೆವು. ಕ್ರಿಯಾಪದ ಇನ್ನೂ ಬಂದಿರಲಿಲ್ಲ.

"...ಬರ್ತೀನಿ."

ಗಿರಣಿಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ರಭಸಕ್ಕೆ ಹಿಟ್ಟು ಎದ್ದು ನಾವೆಲ್ಲ ಬೆಳ್ಳಗಾದೆವು. ನೀಲವೇಣಿ ಚಾಚಿದ್ದ ಅಂಗಿಯನ್ನು ಹಿಂದಕ್ಕೆ ಎಳೆದುಕೊಂಡು, ಮೂಗು ಒರೆಸಿಕೊಂಡು, ಕಾಲರಿನ ಕೆಳಗೆ ಬೆರಳಿಟ್ಟು ತೋರಿಸಿದಳು.

"ಒಂದು ಗುಂಡಿ ಬಾಕಿ ಐತೆ," ಎಂದಳು. "ಸಂಜೆಗೆ ಬನ್ನಿ."